ಚಂದ್ರನಿಗೆ ನೀರು ಬಿಡುವ ಹೊನ್ನಿ

ಇವತ್ತು ಬೆಳಿಗ್ಗೆ ಮೊಸರಿನ ಪಾತ್ರೆಯ ಮೇಲೆ ನನ್ನ ಕಾದಂಬರಿ ಕೂತಿತ್ತು. ಮುಚ್ಚಲು ತಾಟು ಇರಲಿಲ್ಲವೇ ಎಂದರೆ ಇತ್ತು. ತಾಟಿನ ಮೇಲೆ ಕಾದಂಬರಿ. ಕೇಳಿದ್ದಕ್ಕೆ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಬೆಕ್ಕು ತಾಟು ಸರಸ್ತದ. ಮ್ಯಾಲ ಭಾರದ್ದು ಏನಾರ ಬೇಕಾಗಿತ್ತು" ಎಂದರು. ನನ್ನ ಪುಸ್ತಕವನ್ನು ತೂಕದ್ದು ಎಂದು ಒಪ್ಪಿಕೊಂಡ ಮೊದಲ ವಿಮರ್ಶಕರು ಅವರೇ. ಸಿಟ್ಟೇನೂ ಬರಲಿಲ್ಲ. ಹದಿಮೂರು ವರ್ಷ ಹಸ್ತಪ್ರತಿಯಾಗಿ ಟ್ರಂಕಿನಲ್ಲಿ ಬಿದ್ದಿದ್ದಾಗ ಅದು ಯಾವ ಕೆಲಸಕ್ಕೂ ಬಂದಿರಲಿಲ್ಲ. ಈಗ ಬೆಕ್ಕನ್ನಾದರೂ ತಡೆಯಿತಲ್ಲ.

ಪುಸ್ತಕ ಎತ್ತಿಕೊಂಡು ಸೆರಗಿನಿಂದ ಒರೆಸುತ್ತ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ನಾಲ್ಕು ಸಲ ತಿರುಗಿದೆ. ಇದು ನನ್ನ ಹಳೆಯ ರೋಗ. ಕೂತಲ್ಲಿ ಕೂರಲು ನನಗೆ ಬರುವುದಿಲ್ಲ. ಒಂದು ಸಾಲು ಬರೆದರೆ ಎದ್ದು ಒಂದು ಸುತ್ತು ಹಾಕಬೇಕು, ಆಗಲೇ ಎರಡನೆಯ ಸಾಲು ಬರುವುದು. ನಮ್ಮ ಮನೆಯವರು ನಿವೃತ್ತ ಪಿ.ಟಿ. ಮಾಸ್ತರರು, ಎಣಿಸುವುದು ಅವರಿಗೆ ರೂಢಿ. "ಇವತ್ತ ಅರ್ಧಾ ಅಧ್ಯಾಯ ಆಗಿರಬೇಕು, ಹದಿನೆಂಟು ರೌಂಡ್ ಆದುವು" ಎನ್ನುತ್ತಾರೆ. "ಕುಂಡ್ರಾಕ ಬರದವರು ಬರಿಯಾಕ ಹೋಗಬಾರದು" ಎಂಬುದು ಅವರದೇ ಗಾದೆ. ಎಲ್ಲಿಯೂ ಅಚ್ಚಾಗಿಲ್ಲ, ನನ್ನ ಕಾದಂಬರಿಯ ಹಾಗೆಯೇ ಅದೂ ಬಹಳ ವರ್ಷ ಕಾಯಬೇಕಾದೀತು.

ಈ ರೋಗ ಹತ್ತಿದ್ದು ಖಜೂರಿಯಲ್ಲಿ. ಆಳಂದದಿಂದ ಮಹಾರಾಷ್ಟ್ರದ ಕಡೆ ಹೋಗುವ ರಸ್ತೆಗೆ ಹೊಂದಿಕೊಂಡು ನಮ್ಮ ತವರುಮನೆ. ಹಗಲೆಲ್ಲ ಲಾರಿಗಳು. ಚಹಾಕ್ಕೆ ನಿಂತ ಲಾರಿಗಳ ನಂಬರನ್ನು ನಾನು ಪಾಟಿಯ ಮೇಲೆ ಬರೆದುಕೊಳ್ಳುತ್ತಿದ್ದೆ. ನಂಬರಿನ ಮೊದಲ ಎರಡು ಅಕ್ಷರ ರಾಜ್ಯದ ಗುರುತು ಎಂದು ಯಾರೋ ಹೇಳಿದ್ದರು. ಗೊತ್ತಿರುವ ಅಕ್ಷರಗಳು ಮುಗಿದು, ಗೊತ್ತಿಲ್ಲದ ಅಕ್ಷರದ ಲಾರಿ ಬಂದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಭೂಮಿಯದಲ್ಲ ಎಂದೇ ನನ್ನ ಲೆಕ್ಕ. ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಓಡುತ್ತಿದ್ದೆ.

"ಅವ್ವಾ, ಇವು ಎಲ್ಲಿಂದ ಬರ್ತಾವ?"

"ಆಚೀ ಕಡಿಂದ."

"ಆಚೀ ಕಡಿ ಆಚೀಕ ಏನದ?"

"ನಿನ್ನ ಗಂಡನ ಮನಿ ಅದ. ಸುಮ್ಮ ಕೂಡು ಬೇ!"

ಸುಮ್ಮನೆ ಕೂಡಲಿಲ್ಲ. ಆಚೆಯ ಆಚೆ ಏನಿದೆ ಎಂದು ಕೇಳುವುದೇ ವಿಜ್ಞಾನ, ಉತ್ತರ ಸಿಗದೆ ನಾವೇ ಏನನ್ನೋ ಕಟ್ಟಿಕೊಳ್ಳುವುದು ವಿಜ್ಞಾನ ಕಾದಂಬರಿ ಎಂದು ದೊಡ್ಡವಳಾದ ಮೇಲೆ ಭಾಷಣದಲ್ಲಿ ಹೇಳಲು ಒಂದು ವಾಕ್ಯ ತಯಾರು ಮಾಡಿಟ್ಟುಕೊಂಡಿದ್ದೆ. ಭಾಷಣಕ್ಕೆ ಯಾರೂ ಕರೆಯಲಿಲ್ಲವಾದ್ದರಿಂದ ಇಲ್ಲಿ ನಿಮ್ಮ ಮುಂದೆ ಖರ್ಚು ಮಾಡುತ್ತಿದ್ದೇನೆ.

ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಅಫಜಲಪುರದಲ್ಲಿ ಇದ್ದಾಗ ಹಿಂದಿ ಮಾಸ್ತರರಿಗೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬಾರದೆ, ಒಂಬತ್ತನೇ ಕ್ಲಾಸಿನ ಹಿಂದಿ ಪಿರಿಯಡ್ಡು ನನ್ನ ಕೊರಳಿಗೆ ಬಿತ್ತು. ನನಗೆ ಬರುವ ಹಿಂದಿ ಲಾರಿ ಡ್ರೈವರುಗಳಿಂದ ಕಲಿತದ್ದು, ಕ್ಲಾಸಿನಲ್ಲಿ ಆಡುವಂಥದ್ದಲ್ಲ. ಊಟದ ನಂತರದ ಪಿರಿಯಡ್ಡು, ಮೇಲೆ ತಗಡು, ಕೆಳಗೆ ನಲವತ್ತು ಹುಡುಗಿಯರು. ಅವರಿಗೂ ಕೂರಲಾಗದು, ನನಗೂ ಕೂರಲಾಗದು. ಬ್ಯಾಗಿನಲ್ಲಿ ನಾನು ಬಸ್ಸಿನಲ್ಲಿ ಬರೆಯುತ್ತಿದ್ದ ಒಂದು ನೋಟ್‌ಬುಕ್ ಇತ್ತು. ಒಂದು ದಿನ ತೆಗೆದು ಓದಿಯೇಬಿಟ್ಟೆ.

ಕಥೆ ಇಷ್ಟೇ. ಮುಂದೊಂದು ಕಾಲ. ನಮ್ಮ ಕಡೆಯ ಮಂದಿ ಚಂದ್ರನ ಮೇಲೆ ಹೋಗಿ ಒಂದು ಊರು ಮಾಡಿಕೊಂಡಿದ್ದಾರೆ. ಭೀಮಾ ನದಿಯ ನೀರು ಟ್ಯಾಂಕರಿನಲ್ಲಿ ಅಲ್ಲಿಗೆ ಹೋಗುತ್ತದೆ. ಊರೆಂದ ಮೇಲೆ ನಳ, ನಳ ಎಂದ ಮೇಲೆ ಪಾಳಿ, ಪಾಳಿ ಎಂದ ಮೇಲೆ ಜಗಳ. ಇಲ್ಲಿ ನಾವು ಪಾಳಿಯಲ್ಲಿ ಕೊಡ ಇಟ್ಟು ಮನೆಗೆ ಹೋಗುತ್ತೇವಲ್ಲ, ನಮ್ಮ ಬದಲಿಗೆ ಕೊಡ ನಿಂತಿರುತ್ತದೆ. ಅಲ್ಲಿಯ ಮಂದಿ ನಳದ ಮುಂದೆ ಹೆಲ್ಮೆಟ್ ಇಟ್ಟು ಹೋಗುತ್ತಾರೆ. ಹಾಗಾದರೆ ಉಸಿರು ಹೇಗೆ ಆಡುತ್ತಾರೆ ಎಂದು ನೀವು ಕೇಳಬಾರದು, ವಿಜ್ಞಾನದ ಟೀಚರಾದ ನಾನೇ ಕೇಳಲಿಲ್ಲ. ಆ ಊರಿನ ವಾಟರ್‌ಮನ್ ಹಾಸಿಗೆ ಹಿಡಿದಿದ್ದಾನೆ. ಅವನ ಹದಿನೈದು ವರ್ಷದ ಮಗಳು ಹೊನ್ನಿ ವಾಲ್ ತಿರುವಿ ಓಣಿ ಓಣಿಗೆ ನೀರು ಬಿಡುತ್ತಾಳೆ. ಒಂದು ಸಲ ಟ್ಯಾಂಕರ್ ಬರುವುದು ನಿಂತುಹೋಗುತ್ತದೆ. ಟಾಕಿಯಲ್ಲಿ ಉಳಿದದ್ದು ಒಂದೇ ಓಣಿಗೆ ಸಾಲುವಷ್ಟು ನೀರು. ಈಗ ಹೊನ್ನಿ ಏನು ಮಾಡಬೇಕು?

ಹೊನ್ನಿಯನ್ನು ನಾನು ಗಾಳಿಯಿಂದ ತಂದವಳಲ್ಲ. ಮುಂದಿನ ಬಾಕಿನಲ್ಲಿ ಸುಜಾತಾ ಎಂಬ ಹುಡುಗಿ ಕೂರುತ್ತಿದ್ದಳು. ಭೀಮಾ ದಂಡೆಯ ಒಂದು ಸಣ್ಣ ಹಳ್ಳಿಯವಳು, ಮಣ್ಣೂರಿನ ಬಸ್ಸಿಗೆ ಬರುತ್ತಿದ್ದಳು. ಬೌದ್ಧರ ಮನೆ, ಅವಳ ಕಂಪಾಸ್ ಬಾಕ್ಸಿನ ಮುಚ್ಚಳದ ಒಳಗೆ ಬುದ್ಧನ ಸಣ್ಣ ಚಿತ್ರ ಅಂಟಿಸಿತ್ತು. ಅವಳ ಅಪ್ಪ ಊರಿನ ವಾಟರ್‌ಮನ್. ನೀರು ಬಿಡುವ ಸಂಗತಿ ನನಗೇನು ಗೊತ್ತು, ಹಿಡಿಯುವುದಷ್ಟೇ ಗೊತ್ತು. ಅವಳನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದೆ.

"ವಾಲ್ ತಿರುವೂ ಕೀಲಿ ಎಷ್ಟ್ ಉದ್ದ ಇರ್ತದ?"

"ನನ್ನ ಎದಿ ಮಟ್ಟ ಇರ್ತದ್ರಿ ಟೀಚರ. ಕಬ್ಬಣದ್ದು. ಭಾಳ ಭಾರ."

"ಯಾವ ಓಣಿಗಿ ಮೊದಲು ಬಿಡ್ತಾರ?"

"ಮೊದಲು ಗೌಡ್ರ ಓಣಿರಿ. ಆಮ್ಯಾಲ ಬಜಾರಿನ್ಯಾಗ. ಕಡೀಕ ನಮ್ಮದು. ನಮ್ಮ ಓಣಿಗಿ ಬರೂದ್ರಾಗ ಟಾಕಿ ಖಾಲಿ ಆಗಿರ್ತದ್ರಿ."

ಎದೆಮಟ್ಟದ ಕೀಲಿ, ಕಬ್ಬಿಣದ್ದು, ಭಾರ ಎಂದು ಬರೆದುಕೊಂಡೆ. ಅವಳು ಹೇಳಿದ ಉಳಿದ ಮಾತನ್ನು ಬರೆದುಕೊಳ್ಳಲಿಲ್ಲ. ನನಗೆ ಬೇಕಾಗಿದ್ದದ್ದು ಕೀಲಿಯ ಅಳತೆ.

ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಬಂತು. ನನ್ನನ್ನು ಯಾವುದೋ ತರಬೇತಿಗೆ ಕಳಿಸಿದ್ದರಿಂದ ವಿಜ್ಞಾನದ ಪೇಪರುಗಳನ್ನು ಹೆಡ್‌ಮಾಸ್ತರರೇ ನೋಡಿದರು. ಚಂದ್ರನ ಮೇಲ್ಮೈಯಲ್ಲಿ ನೀರು ದ್ರವರೂಪದಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದು ಪ್ರಶ್ನೆ. ತಿರುಗಿ ಬಂದ ದಿನ ಅವರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯರು, ಅವತ್ತು ಮಾತ್ರ ಕನ್ನಡಕ ಹಣೆಗೆ ಏರಿತ್ತು.

"ಏನ್ರಿ ಮೇಡಮ್ಮರ, ಚಂದ್ರನ ಮ್ಯಾಲ ನಳ ಕೂಡ್ಸೀರಂತ?"

ನಾನು ನಿಂತಲ್ಲೇ ಕಾಲು ಬದಲಿಸಿದೆ. ಅವರು ಸುಜಾತಾಳ ಪೇಪರು ತೆಗೆದು ಗಟ್ಟಿಯಾಗಿ ಓದಿದರು: "ನಿಲ್ಲುತ್ತದೆ. ಒಂದು ದಿನ ಬಿಟ್ಟು ಒಂದು ದಿನ ನೀರು ಬರುತ್ತದೆ. ಹೊನ್ನಿ ಬಿಡುತ್ತಾಳೆ. ಕಡೆಯ ಓಣಿಗೆ ಬರುವಷ್ಟರಲ್ಲಿ ಮುಗಿದುಹೋಗುತ್ತದೆ."

"ಒಬ್ಬಾಕಿ ಅಲ್ರಿ, ಹನ್ನೊಂದು ಮಂದಿ ಹಿಂಗ ಬರದಾರ. ಯಾರರೀ ಈ ಹೊನ್ನಿ? ಹಾಜರಿ ಪುಸ್ತಕದಾಗ ಹುಡುಕಿ ಸಾಕಾಯ್ತು ನನಗ!"

ಅವರ ತಪ್ಪಲ್ಲ. ಹುಡುಗಿಯರದೂ ತಪ್ಪಲ್ಲ. ವಿಜ್ಞಾನದ ಟೀಚರು ಕೈಯಲ್ಲಿ ನೋಟ್‌ಬುಕ್ ಹಿಡಿದು ಓದಿದ್ದೆಲ್ಲ ನೋಟ್ಸ್ ಎಂದೇ ಅವರು ತಿಳಿದಿದ್ದರು. ಅರ್ಧ ಕ್ಲಾಸು ಬರೆದುಕೊಂಡೂ ಇತ್ತು. ಆ ದಿನದಿಂದ ಓದುವುದು ಬಂದ್. ಹೊನ್ನಿ ಬತ್ತುತ್ತಿದ್ದ ಟಾಕಿಯ ಮುಂದೆ ಕೀಲಿ ಹಿಡಿದು ನಿಂತಲ್ಲೇ ನಿಂತಳು. ನಗಬೇಕಾದ ಸಂಗತಿ. ಆದರೆ ಸಂಜೆ ಸುಜಾತಾ ಗೇಟಿನ ಹತ್ತಿರ ಬಂದು, ಹೋದ ಮಾರ್ಕಿನ ಬಗ್ಗೆ ಒಂದು ಮಾತೂ ಆಡದೆ, "ಟೀಚರ, ಹೊನ್ನಿ ಯಾರಿಗಿ ನೀರು ಬಿಟ್ಲರಿ?" ಎಂದು ಕೇಳಿದಾಗ ನನಗೆ ನಗು ಬರಲಿಲ್ಲ.

"ಹಂಗ ಹೇಳಬಾರದವ್ವ, ಪುಸ್ತಕ ಬರ್ತದ. ನೀ ಹತ್ತನೇತ್ತಾ ಮುಗ್ಸೂದ್ರಾಗ ನಿನ್ನ ಕೈಯಾಗ ತಂದು ಕೊಡ್ತೇನಿ" ಎಂದೆ.

"ಖರೇನರಿ?"

"ಖರೇನ."

ಒಂದೂವರೆ ವರ್ಷದ ಅವಧಿ ನಾನೇ ಹಾಕಿಕೊಂಡದ್ದು. ಪುಸ್ತಕ ಮಾಡುವುದೆಂದರೆ ಬರೆಯುವುದು, ಕಳಿಸುವುದು, ಬರುವುದು ಎಂದು ನಾನು ತಿಳಿದಿದ್ದೆ. ಕಳಿಸುವುದಕ್ಕೂ ಬರುವುದಕ್ಕೂ ನಡುವೆ ಏನೇನಿದೆ ಎಂದು ಯಾರೂ ಹೇಳಿರಲಿಲ್ಲ.

ಮೊದಲು ಕಳಿಸಿದ ಕಡೆಯಿಂದ ಆರು ತಿಂಗಳಿಗೆ ಫೋನ್ ಬಂತು. "ಮೇಡಂ, ಇದು ಮಕ್ಕಳ ಪುಸ್ತಕಾನಾ, ದೊಡ್ಡವರದಾ?" ಹದಿಹರೆಯದವರದು ಎಂದೆ. "ಅದಕ್ಕೆ ನಮ್ಮಲ್ಲಿ ಕಪಾಟೇ ಇಲ್ಲವಲ್ಲ" ಎಂದರು ಆತ, ಬಹಳ ಮರ್ಯಾದೆಯಿಂದ. ಯೋಚಿಸಿದರೆ ಅವರ ಮಾತೂ ನಿಜ. ನಮ್ಮ ಕಡೆಯಂತೂ ಆ ವಯಸ್ಸಿಗೆ ಜಾಗವೇ ಇಲ್ಲ. ಹುಡುಗಿ ಇವತ್ತು ಸಂಜೆಯ ತನಕ ಸಣ್ಣಾಕಿ, ನಾಳೆ ಬೆಳಗಾದರೆ ದೊಡ್ಡಾಕಿ. ನಡುವೆ ಕಪಾಟು ಇಡುವುದು ಎಲ್ಲಿ? ಇನ್ನೊಬ್ಬರು ನಲವತ್ತು ಪುಟಕ್ಕೆ ಇಳಿಸಿ, ಚಿತ್ರ ಹಾಕೋಣ ಎಂದರು. ಮತ್ತೊಬ್ಬರು ಮೂರು ವರ್ಷ ಏನೂ ಅನ್ನಲಿಲ್ಲ, ಕಡೆಗೆ ನಾನೇ ಹೋದರೆ ಹಸ್ತಪ್ರತಿ ಅವರ ಟೇಬಲ್ ಫ್ಯಾನಿನ ಕೆಳಗಿತ್ತು, ಫ್ಯಾನಿಗೆ ಎತ್ತರ ಸಾಲದ್ದರಿಂದ. ಅಷ್ಟು ಹೊತ್ತಿಗೆ ಸುಜಾತಾ ಹತ್ತನೇ ಕ್ಲಾಸು ಮುಗಿಸಿ ಹೋಗಿದ್ದಳು. ಅವಳು ಟಿ.ಸಿ. ಒಯ್ಯಲು ಬಂದ ದಿನ ನಾನು ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಬೀಕರ್ ತೊಳೆಯುತ್ತಿದ್ದೆ. ಕನ್ನಡಿಯ ಹಾಗಿದ್ದ ಬೀಕರುಗಳು, ತೊಳೆಯಬೇಕಾದದ್ದು ಒಂದೂ ಇರಲಿಲ್ಲ.

ನಂತರ ನನಗೂ ವರ್ಗವಾಗಿ ಆಳಂದಕ್ಕೆ ಬಂದೆ. ಅಲ್ಲಿ ಹೊಸ ಕಾಟ ಶುರುವಾಯಿತು. ನಾನು ಬರೆದ ಭವಿಷ್ಯಕ್ಕೆ ನನಗಿಂತ ಗಡಿಬಿಡಿ. ಮೊದಲ ಪ್ರತಿಯಲ್ಲಿ ಹೊನ್ನಿ ಅಂಗೈಯಷ್ಟು ಪಾಟಿಯಲ್ಲಿ ಭೂಮಿಯ ಮೇಲಿನ ಅಜ್ಜಿಯ ಮುಖ ನೋಡುತ್ತ ಮಾತಾಡುತ್ತಾಳೆ ಎಂದು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ನೋಡುತ್ತಿದ್ದ ಹಾಗೆ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಅಜ್ಜಿ ಪುಣೆಯಲ್ಲಿದ್ದ ಮಗನಿಗೆ ಮುಖ ತೋರಿಸಿ, "ಊಟಾ ಮಾಡೀಯಿಲ್ಲೋ? ಸೊರಗಿದಿ ಬಿಡು" ಎನ್ನತೊಡಗಿದಳು. ಹೊಡೆದುಹಾಕಿದೆ. ಏನು ಕೇಳಿದರೂ ಉತ್ತರ ಹೇಳುವ ಪೆಟ್ಟಿಗೆಯೊಂದನ್ನು ಸೇರಿಸಿದೆ. ಅದೂ ಹುಡುಗರ ಜೇಬಿಗೆ ಬಂತು, ನನ್ನ ಹೋಂವರ್ಕಿಗೆ ಉತ್ತರ ಬರೆಯತೊಡಗಿತು. ನಾನು ಪುಟ ತಿದ್ದುವಷ್ಟರಲ್ಲಿ ಕಾಲ ಮುಂದಿನ ಸ್ಟಾಪಿನಲ್ಲಿ ಇಳಿದಿರುತ್ತಿತ್ತು. ಬೆಳಿಗ್ಗೆ ಪೇಪರು ತೆಗೆಯಲು ಹೆದರುತ್ತಿದ್ದೆ. ನೆಮ್ಮದಿಯೇ ಇರಲಿಲ್ಲ, ನಿಜವಾಗಿಯೂ.

ಹೀಗೆ ಹನ್ನೆರಡು ಸಲ ಬರೆದೆ. ಪ್ರತಿ ಸಲವೂ ಯಾರೋ ಒಬ್ಬರ ಮಾತು ಕೇಳಿ ಏನನ್ನೋ ತೆಗೆದೆ. ಪಾಳಿಯಲ್ಲಿಟ್ಟ ಹೆಲ್ಮೆಟ್ ವಿಜ್ಞಾನದ ಗೌರವಕ್ಕೆ ಕುಂದು ಎಂದರು, ತೆಗೆದೆ. ಹುಡುಗಿ "ಏನಲೇ" ಅಂದರೆ ಒರಟು ಎಂದರು, ಅವಳು "ಏನಪ್ಪಾ" ಎಂದಳು. ನನ್ನ ಮೊದಲಿನ ಕಥೆಯಲ್ಲಿ ಹೊನ್ನಿ ಆ ಊರಿನ ನೀರಿನ ಸಮಿತಿಯ ಚೇರ್ಮನ್ನರು ಬಚ್ಚಿಟ್ಟ ಖಾಸಗಿ ಟಾಕಿಯ ಬೀಗ ಒಡೆದು ಎಲ್ಲರಿಗೂ ನೀರು ಹಂಚುತ್ತಿದ್ದಳು. ಬೀಗ ಒಡೆಯುವುದನ್ನು ಮಕ್ಕಳಿಗೆ ಕಲಿಸುತ್ತೀರಾ ಮೇಡಂ ಎಂದು ಒಬ್ಬರು ಕೇಳಿದರು. ನಾನು ಸರ್ಕಾರಿ ಟೀಚರು, ಹೆದರಿದೆ. ಹೊನ್ನಿ ಬೀಗ ಬಿಟ್ಟು ಪೆನ್ನು ಹಿಡಿದಳು, ಸಮಿತಿಗೆ ಒಂದು ಅರ್ಜಿ ಬರೆದಳು, ಸಮಿತಿ ಸಭೆ ಸೇರಿ ಟ್ಯಾಂಕರ್ ತರಿಸಿತು. ಬರೆದು ಮುಗಿಸಿದ ದಿನ ಹಾಯೆನಿಸಿತ್ತು. ಹಾಗೆ ಎನಿಸಬಾರದಿತ್ತು ಎಂದು ಈಗ ಗೊತ್ತು.

ಎರಡು ವರ್ಷದ ಹಿಂದೆ ಜೇವರ್ಗಿಗೆ ವರ್ಗವಾಯಿತು. ಸಕ್ಕರೆ ಪರೀಕ್ಷೆಗೆಂದು ಅಲ್ಲಿಯ ದವಾಖಾನೆಗೆ ಹೋದೆ. ಲ್ಯಾಬಿನ ಹುಡುಗಿ ತೋಳಿಗೆ ರಬ್ಬರು ಕಟ್ಟಿ, "ಮುಷ್ಟಿ ಬಿಗಿ ಹಿಡೀರಿ" ಎಂದಳು. ನಾನು ಎಂದಿನಂತೆ ಮುಖ ಆಚೆ ತಿರುಗಿಸಿದ್ದೆ. ಸೂಜಿ ಒಳಗೆ ಹೋದ ಮೇಲೆ ದನಿ ಬಂತು.

"ಟೀಚರ, ಗುರುತು ಹತ್ತಲಿಲ್ಲೇನ್ರಿ? ನಾ ಸುಜಾತಾ."

ತಿರುಗಿದೆ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣಷ್ಟೇ, ಅವು ಅವಳವೇ.

"ಕೈ ಅಳ್ಳಾಡಸಬ್ಯಾಡ್ರಿ. ಪುಸ್ತಕ ಬಂತೇನ್ರಿ?"

ಸೂಜಿ ಚುಚ್ಚಿಕೊಂಡು ಕೂತವರು ನಿಜ ಹೇಳುತ್ತಾರೆ ಎನ್ನುವುದು ಸುಳ್ಳು. "ಪ್ರೆಸ್ಸಿನ್ಯಾಗ ಅದವ್ವ, ಇನ್ನೇನ ಬಂತು" ಎಂದೆ. ಪುಸ್ತಕ ನನ್ನ ಟ್ರಂಕಿನಲ್ಲಿ ಚಳಿಗಾಲದ ಕೌದಿಯ ಕೆಳಗಿತ್ತು.

"ನಾ ಪಿಯುಸಿ ಮುಗಿಯೂತನಾ ಅಫಜಲಪುರದ ಲೈಬ್ರರಿಗಿ ಹೋಗಿ ಕೇಳ್ತಿದ್ದೇರಿ" ಎಂದು ಅವಳು ಹತ್ತಿ ಒತ್ತಿದಳು. "ಅಂಥಾ ಪುಸ್ತಕ ಇಲ್ಲಬೇ ಅಂತಿದ್ರು. ಟೀಚರ ಸುಳ್ಳ ಹೇಳ್ಯಾರ ಅಂತ ಗೆಳತ್ಯಾರು ನಗ್ತಿದ್ರು. ಬರ್ತದ ಅಂತ ನಾ ಜಗಳಾ ಮಾಡ್ತಿದ್ದೆ."

ಮುಂದಿನ ಏಳು ತಿಂಗಳು ನಾನು ಆ ದವಾಖಾನೆಯ ಕಡೆ ಹಾಯಲಿಲ್ಲ. ಸಕ್ಕರೆ ತನ್ನಷ್ಟಕ್ಕೆ ತಾನು ಏರಿತು. "ತೋರಸ್ಕೊಂಡು ಬಾ" ಎಂದು ಮನೆಯವರು ಗದರಿದರೆ ಅಂಗಳದಲ್ಲಿ ಇನ್ನೂ ನಾಲ್ಕು ರೌಂಡು ಹೆಚ್ಚಿಗೆ ಹಾಕಿದೆ. ಆದರೆ ಕೌದಿಯ ಕೆಳಗಿನದನ್ನು ಹೊರಗೆ ತೆಗೆದೆ. ನಮ್ಮವರು ಚಂದ್ರನ ಮೇಲೆ ಇಳಿದ ಸುದ್ದಿ ಇನ್ನೂ ಮಂದಿಯ ಬಾಯಲ್ಲಿತ್ತು. ಫ್ಯಾನಿನ ಕೆಳಗೆ ಹಸ್ತಪ್ರತಿ ಇಟ್ಟಿದ್ದ ಆ ಪ್ರಕಾಶಕರಿಗೇ ಫೋನು ಮಾಡಿದೆ. "ಕಳಿಸಿ ಮೇಡಂ, ಈಗ ಚಂದ್ರ ಚೆನ್ನಾಗಿ ಓಡ್ತಿದಾನೆ" ಎಂದರು. ಹದಿಮೂರು ವರ್ಷದ ಕೆಲಸ ನಾಲ್ಕು ತಿಂಗಳಲ್ಲಿ ಮುಗಿಯಿತು. ಹದಿಹರೆಯದವರಿಗೆ ಎಂದು ಮುಖಪುಟದ ಮೇಲೆಯೇ ಹಾಕಿದರು. ಯಾರಿಗಾಗಿ ಬರೆದೆನೋ ಅವಳಿಗೆ ಆಗ ಇಪ್ಪತ್ತೇಳು.

ಪಾರ್ಸೆಲ್ ಬಂದ ಮರುದಿನವೇ, ಅಂದರೆ ಹೋದ ವಾರ, ಲ್ಯಾಬಿಗೆ ಹೋದೆ. ಮಂದಿ ಕಡಿಮೆ ಇದ್ದರು. ಪುಸ್ತಕವನ್ನು ಅವಳ ಟೇಬಲ್ಲಿನ ಮೇಲೆ ಇಟ್ಟು, "ತಡಾ ಆಯ್ತವ್ವ ಸುಜಾತಾ. ತಪ್ಪ ನಂದು" ಎಂದೆ. ವಿದ್ಯಾರ್ಥಿಯ ಮುಂದೆ ಹಾಗೆ ಅಂದದ್ದು ಅದೇ ಮೊದಲು.

ಅವಳು ಕೈಗವಸು ತೆಗೆದು, ಕೈ ತೊಳೆದುಕೊಂಡು ಬಂದು ಪುಸ್ತಕ ಹಿಡಿದಳು. ಮುಖಪುಟ ನೋಡಲಿಲ್ಲ, ಮುನ್ನುಡಿ ನೋಡಲಿಲ್ಲ. ನೇರವಾಗಿ ಕೊನೆಯ ಅಧ್ಯಾಯ ತೆರೆದು ನಿಂತೇ ಓದಿದಳು. ನಾನು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಿದೆ. ಪರೀಕ್ಷೆ ಬರೆಯುವವರ ಕಷ್ಟ ಆವತ್ತು ನನಗೆ ತಿಳಿಯಿತು.

"ಹೊನ್ನಿ ಅರ್ಜಿ ಬರದ್ಲೇನ್ರಿ?" ಎಂದಳು ಕಡೆಗೆ.

"ಮೊದಲು ಹಂಗ ಇದ್ದಿಲ್ಲವ್ವ. ಚೇರ್ಮನ್ನರ ಟಾಕಿ ಬೀಗ ಒಡೀತಿದ್ಲು. ಪುಸ್ತಕ ಮಾಡೋರು ಬ್ಯಾಡ ಅಂದ್ರು."

ಅವಳು ಪುಸ್ತಕ ಮುಚ್ಚಿದಳು. ಬೇಸರವಾಯಿತೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು.

"ನೀವು ಓದೂದು ಬಿಟ್ಟ ಮ್ಯಾಲ ನಾನ ಕಥಿ ಮುಗಿಸಿಕೊಂಡಿದ್ದೇರಿ. ಬಸ್ಸಿನ್ಯಾಗ ದಿನಾ ಮನಸಿನ್ಯಾಗ ಹೇಳ್ಕೊಂತಿದ್ದೆ. ಅದರಾಗ ಬೀಗೂ ಇಲ್ರಿ, ಅರ್ಜೀನೂ ಇಲ್ರಿ."

"ಮತ್ತ ಏನ್ ಮಾಡಿದ್ಲವ್ವ?"

"ಬೀಗ ಯಾಕ ಒಡೀತಾಳ್ರಿ ಟೀಚರ? ವಾಲಿನ ಕೀಲಿ ಆಕಿ ಕೈಯಾಗ ಇತ್ತಲ್ರಿ. ನಮ್ಮಪ್ಪನ ಕೈಯಾಗೂ ಇರ್ತಿತ್ತು. ಮೂವತ್ತು ವರ್ಷ ನೀರು ಬಿಟ್ಟ, ಒಂದ ದಿನಾನೂ ಮಾಡಲಿಲ್ಲ." ಅವಳ ದನಿ ಏರಲಿಲ್ಲ. "ಹೊನ್ನಿ ಮಾಡಿದ್ಲು. ಟಾಕ್ಯಾಗ ಉಳಿದ ನೀರನ್ನ ಮೊದಲು ತನ್ನ ಓಣಿಗಿ ಬಿಟ್ಲು."

ಹನ್ನೆರಡು ಸಲ ಬರೆದವಳಿಗೆ ಒಂದು ಸಲವೂ ಇದು ಹೊಳೆದಿರಲಿಲ್ಲ. ಸುಜಾತಾ ಹೊಸ ಕೈಗವಸು ಹಾಕಿಕೊಂಡಳು, ಕುರ್ಚಿ ನನ್ನ ಕಡೆ ಸರಿಸಿದಳು.

"ಕೂಡ್ರಿ ಟೀಚರ. ಏಳು ತಿಂಗಳ ಮ್ಯಾಲಾಯ್ತು, ಸಕ್ಕರಿ ನೋಡೂನು" ಎಂದಳು.

ನಾನು ತೋಳು ಚಾಚಿದೆ. ಈ ಸಲ ಮುಖ ಆಚೆ ತಿರುಗಿಸಲಿಲ್ಲ.